ಮೂತಿಯ ಕೆಳಗಿನ ಹನಿ

ತೊಮೊಯೆ ಸಾನ್ ಯಾವ ಹೊಟೇಲಿಗೆ ಹೋದರೂ ಊಟ ಬರುವ ಮೊದಲು ಎದುರಿಗಿರುವ ಬಟ್ಟಲನ್ನು ಮಗುಚಿ ತಳ ನೋಡುತ್ತಾರೆ. ತೋರುಬೆರಳಿನಿಂದ ತಳದ ಅಂಚನ್ನು ಒಂದು ಸುತ್ತು ಸವರಿ, "ಹೂಂ, ಪರವಾಗಿಲ್ಲ" ಎಂದೋ, "ಇದರ ಅಂಚು ಸವರಿದ ಕೆಲಸದೋಳಿಗೆ ಮನೆಗೆ ಹೋಗೋ ಅವಸರ ಇತ್ತು" ಎಂದೋ ಹೇಳಿ ಮತ್ತೆ ನೆಟ್ಟಗೆ ಇಡುತ್ತಾರೆ. ಅವರ ಗಂಡ ಕಿಯೊಹರು ಅಷ್ಟು ಹೊತ್ತೂ ಕಿಟಕಿಯ ಕಡೆ ಮುಖ ಮಾಡಿಕೊಂಡು, ತಮಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಕೂತಿರುತ್ತಾರೆ.

ನಮ್ಮ ತೋಕಿಯಲ್ಲಿ ಇದೇನೂ ವಿಚಿತ್ರವಲ್ಲ. ಬಟ್ಟಲು ಮಾಡಿಯೇ ಅನ್ನ ಉಂಡ ಊರು ಇದು. ಒಂದು ಮನೆಯಲ್ಲಿ ಅಚ್ಚು ಮಾಡುತ್ತಾರೆ, ಇನ್ನೊಂದರಲ್ಲಿ ಮಣ್ಣು ಹದ ಮಾಡುತ್ತಾರೆ, ಮತ್ತೊಂದರಲ್ಲಿ ಭಟ್ಟಿ. ಅಂಚು ಸವರುವುದು ಮಾತ್ರ ಎಲ್ಲೆಡೆ ಹೆಂಗಸರ ಕೆಲಸ. ಅಚ್ಚಿನಿಂದ ಹೊರಬಂದ ಹಸಿ ಪಾತ್ರೆಯ ಮೇಲೆ ಅಚ್ಚಿನ ಎರಡು ಹೋಳು ಸೇರಿದ ಕಡೆ ಒಂದು ಗೆರೆ ಏಳುತ್ತದೆ. ಅದನ್ನು ಚಾಕುವಿನಿಂದ ಕೆರೆದು, ಒದ್ದೆ ಸ್ಪಂಜಿನಿಂದ ಒರೆಸಿ, ಅಲ್ಲೊಂದು ಗೆರೆ ಇತ್ತು ಎಂಬುದೇ ತಿಳಿಯದ ಹಾಗೆ ಮಾಡಬೇಕು. ಚೆನ್ನಾಗಿ ಮಾಡಿದರೆ ಏನೂ ಮಾಡಿದ ಹಾಗೆ ಕಾಣುವುದಿಲ್ಲ. ತೊಮೊಯೆ ಸಾನ್ ಈ ಕೆಲಸವನ್ನು ಹಿಬಿನೊ ಅವರ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷದಿಂದ ಮಾಡುತ್ತಿದ್ದಾರೆ. ಅವರ ಪಕ್ಕದ ಹಲಗೆಯಲ್ಲಿ ನಾನು ಕೂರತೊಡಗಿ ಇಪ್ಪತ್ತೆರಡು ವರ್ಷವಾಯಿತು. ಅವರೂ ಸೇರಿ ಕಾರ್ಖಾನೆಯಲ್ಲಿ ಕುಮಜಾಕಿ ಮನೆತನದವರೇ ಮೂವರಿರುವುದರಿಂದ ಮಾಲೀಕರೂ ಅವರನ್ನು ಮನೆತನದ ಹೆಸರಿನ ಬದಲು ತೊಮೊಯೆ ಸಾನ್ ಎಂದೇ ಕರೆಯುತ್ತಾರೆ.

ಅವರಿಗೆ ಈಗ ಅರುವತ್ತೊಂದು. ಹುಟ್ಟಿದ್ದು ಪಕ್ಕದ ಮಿಜುನಾಮಿಯಲ್ಲಿ, ಭಟ್ಟಿಗೆ ಬೆಂಕಿ ಕೊಡುವವರ ಮನೆಯಲ್ಲಿ. ಇಪ್ಪತ್ಮೂರಕ್ಕೆ ಮದುವೆಯಾಗಿ ಬಂದರು. ಗಂಡ ಟೈಲ್ಸ್ ಕಾರ್ಖಾನೆಯಲ್ಲಿದ್ದವರು, ಹೋದ ವರ್ಷ ನಿವೃತ್ತರಾದರು. ಅಂದಿನಿಂದ ಅವರು ಮೂರು ಹೊತ್ತೂ ಮನೆಯಲ್ಲೇ ಉಣ್ಣುತ್ತಾರೆ. ನಿವೃತ್ತಿ ಆದದ್ದು ಗಂಡನಿಗೆ, ಕೆಲಸ ಹೆಚ್ಚಿದ್ದು ತನಗೆ ಎಂಬ ಲೆಕ್ಕ ತೊಮೊಯೆ ಸಾನ್‌ಗೆ ಇನ್ನೂ ಅರ್ಥವಾಗಿಲ್ಲ. ಮಾವ ಹಾಸಿಗೆ ಹಿಡಿದ ಆರು ವರ್ಷ ಅವರೇ ನೋಡಿಕೊಂಡರು. ಈಗ ಎಂಬತ್ತೆಂಟರ ಅತ್ತೆ ಚಿಯೊನೊ ಇದ್ದಾರೆ. ಕಣ್ಣು ಮಂಜು, ನಾಲಿಗೆ ಚುರುಕು. ಒಬ್ಬಳೇ ಮಗಳು ಮದುವೆಯಾಗಿ ಗಿಫುವಿನಲ್ಲಿದ್ದಾಳೆ.

ಲೋಕದ ಎಲ್ಲ ವಸ್ತುಗಳನ್ನೂ ತೊಮೊಯೆ ಸಾನ್ ಎರಡೇ ಪಾಲು ಮಾಡಿಟ್ಟಿದ್ದಾರೆ. ಕೆಲಸ ಕೊಡುವ ವಸ್ತು, ಕೆಲಸ ಕಳೆಯುವ ವಸ್ತು. ಶಾಂಪೂ ಸೀಸೆಯ ಪಕ್ಕದಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಕಣ್ಣು ಮುಚ್ಚಿಕೊಂಡೇ ಮುಟ್ಟಿ, ಇದು ಶಾಂಪೂ, ಅದು ಕಂಡಿಷನರ್ ಎಂದು ತಿಳಿಯಲಿ ಎಂದು. ಆ ಗೀರುಗಳ ಬಗ್ಗೆ ಅವರಿಗೆ ಎಂಥ ಗೌರವವೆಂದರೆ, "ಇದನ್ನ ಯೋಚ್ನೆ ಮಾಡಿದೋರು ಯಾರೋ ಗೊತ್ತಿಲ್ಲ, ಆದ್ರೆ ಅವ್ರ ಕಣ್ಣಿಗೆ ಒಂದ್ಸಲನಾದ್ರೂ ಸೋಪು ಹೋಗಿದೆ" ಎನ್ನುತ್ತಾರೆ. ಹಾಲಿನ ರಟ್ಟಿನ ಪೊಟ್ಟಣದ ತುದಿಯಲ್ಲಿ ಬೆರಳಿಗೆ ಸಿಗುವ ಅರ್ಧಚಂದ್ರದ ಕಚ್ಚು ಇದೆಯಲ್ಲ, ಮಂಜುಗಣ್ಣಿನ ಅತ್ತೆ ಅದನ್ನು ಮುಟ್ಟಿ ನೋಡಿಯೇ ಹಣ್ಣಿನ ರಸ ಬಿಟ್ಟು ಹಾಲನ್ನು ತೆಗೆದುಕೊಳ್ಳುತ್ತಾರೆ. "ಹೇಳ್ಕೊಡೋ ಕೆಲ್ಸ ನಂಗೆ ತಪ್ತು" ಎಂದು ತೊಮೊಯೆ ಸಾನ್ ಆ ಕಚ್ಚಿಗೆ ಕೃತಜ್ಞರು.

ಎರಡನೆಯ ಪಾಲೂ ಇದೆ. ಹಿಬಿನೊ ಅವರು ಹೊಸ ಮನೆ ಕಟ್ಟಿಸಿದಾಗ ನಮ್ಮನ್ನೆಲ್ಲ ಕರೆದಿದ್ದರು. ಅಡುಗೆಮನೆ ಬೆಳ್ಳಗೆ, ನುಣ್ಣಗೆ. ಕಪಾಟುಗಳಿಗೆ ಹಿಡಿಯೇ ಇಲ್ಲ, ಅಂಗೈಯಿಂದ ಒತ್ತಿದರೆ ತೆರೆದುಕೊಳ್ಳುತ್ತವೆ. ಯಾವುದೋ ಪತ್ರಿಕೆಯಲ್ಲಿ ಅದರ ಚಿತ್ರವೂ ಬಂದಿತ್ತಂತೆ. ಎಲ್ಲರೂ "ಎಷ್ಟು ಸರಳ, ಎಷ್ಟು ಸರಳ" ಎನ್ನುತ್ತಿರುವಾಗ ತೊಮೊಯೆ ಸಾನ್ ಮಾಲೀಕರ ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ, "ಬೆರಳಿನ ಗುರುತು ದಿನಕ್ಕೆ ಎಷ್ಟು ಸಲ ಒರೆಸ್ತೀರಿ?" ಎಂದು ಕೇಳಿದರು. ಆಕೆ ಅತ್ತಿತ್ತ ನೋಡಿ, "ಎರಡು ಸಲ. ನೆಂಟ್ರು ಬಂದ್ರೆ ಮೂರು" ಎಂದರು.

ಅದೇ ವರ್ಷ ಗಿಂಡಿ ಬಂತು. ನಾಗೋಯಾದ ಸೊಯೆದಾ ಎನ್ನುವ ವಿನ್ಯಾಸಕಾರರನ್ನು ಹಿಬಿನೊ ಅವರು ಕರೆಸಿದ್ದರು. ಮೂವತ್ತೈದರ ಆಸುಪಾಸು, ಯಾವಾಗಲೂ ಕಪ್ಪಂಗಿ, ಮಾತು ಮೆತ್ತಗೆ. ನಾವು ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದದ್ದೂ ಕಪ್ಪಂಗಿ ಎಂದೇ. ಊಟದ ಮೇಜಿನ ಮೇಲಿಡುವ ಸೋಯಾ ಸಾಸಿನ ಗಿಂಡಿಯ ಮಾದರಿಯನ್ನು ಅವರು ಮಾಡಿಕೊಂಡು ಬಂದರು. ಬಿಳಿ ಬಣ್ಣ, ಅಂಗೈಯಷ್ಟು ಎತ್ತರ. ಹಿಡಿಯಿಲ್ಲ, ಹೂವಿಲ್ಲ, ಗೆರೆಯಿಲ್ಲ. ನಡು ತುಸು ಒಳಗೆ ಸರಿದಿದ್ದು, ಬೆರಳುಗಳು ತಾವಾಗಿಯೇ ಅಲ್ಲಿ ಹೋಗಿ ಕೂರುತ್ತಿದ್ದವು. ಮೂತಿ ಎಂದರೆ ಮೂತಿಯೂ ಅಲ್ಲ, ಹಕ್ಕಿಮರಿ ಬಾಯಿ ತೆರೆಯಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗೆ ಒಂದು ಸಣ್ಣ ಉಬ್ಬು.

ತೊಮೊಯೆ ಸಾನ್ ಅದನ್ನು ಮಗುಚಿ ತಳ ನೋಡಿದರು, ನಡು ಹಿಡಿದರು, ಮುಚ್ಚಳ ತೆಗೆದು ಹಾಕಿದರು. "ಒಳ್ಳೇ ಗಿಂಡಿ. ಮಾತು ಕಮ್ಮಿ" ಎಂದರು. ಅವರ ಬಾಯಿಂದ ಇದು ದೊಡ್ಡ ಹೊಗಳಿಕೆ. ಅದೇ ಇಷ್ಟಕ್ಕೆಲ್ಲ ಕಾರಣವಾಯಿತು. ಗಿಂಡಿ ಅವರಿಗೆ ಇಷ್ಟವಾಗದಿದ್ದರೆ ಸುಮ್ಮನಿದ್ದುಬಿಡುತ್ತಿದ್ದರು.

ನಮ್ಮಲ್ಲಿ ಹೊಸ ವಸ್ತು ಮಾಡುವ ಮೊದಲು ಮಾದರಿಯ ಹತ್ತು ಪಾತ್ರೆ ಸುಟ್ಟು, ಕಾರ್ಖಾನೆಯ ಹತ್ತು ಮನೆಗೆ ಕೊಟ್ಟು, ಒಂದು ವಾರ ಬಳಸಿ ನೋಡುವ ಪದ್ಧತಿ ಇದೆ. ಜೊತೆಗೊಂದು ಪ್ರಶ್ನೆಪತ್ರ. ಹಿಡಿಯಲು ಸುಲಭವೇ, ತೊಳೆಯಲು ಸುಲಭವೇ, ಸುರಿದ ನಂತರ ಸೋರಿತೇ. ಹೌದು, ಇಲ್ಲ ಎಂಬುದಕ್ಕೆ ಸುತ್ತು ಹಾಕಿ, ಕೆಳಗೆ ಹೆಸರಿನ ಮುದ್ರೆ ಒತ್ತಿ ಕೊಡಬೇಕು. ಏಳು ಹೆಂಗಸರು, ಮೂವರು ಗಂಡಸರು ಒಯ್ದೆವು. ಮುಂದಿನ ಶುಕ್ರವಾರ ಹತ್ತೂ ಪತ್ರ ವಾಪಸು ಬಂದವು. ಸೋರಿತೇ ಎಂಬ ಪ್ರಶ್ನೆಗೆ ಹತ್ತೂ ಜನ ಇಲ್ಲ ಎಂದು ಸುತ್ತು ಹಾಕಿದ್ದರು. ನಾನೂ ಹಾಕಿದ್ದೆ. ತೊಮೊಯೆ ಸಾನೂ ಹಾಕಿದ್ದರು. ಹಿಬಿನೊ ಅವರು ಖುಷಿಯಾಗಿ, ಇನ್ನು ಹತ್ತು ದಿನಕ್ಕೆ ತಾಯಿ ಅಚ್ಚು ಮಾಡಿಸುವುದೆಂದು ಸಾರಿದರು. ತಾಯಿ ಅಚ್ಚು ಆದಮೇಲೆ ಅದರಿಂದಲೇ ಮಿಕ್ಕ ನೂರಾರು ಅಚ್ಚುಗಳು ಹುಟ್ಟುವುದು. ಆಮೇಲೆ ಕೂದಲೆಳೆಯಷ್ಟೂ ಬದಲಾಯಿಸಲು ಬರುವುದಿಲ್ಲ. ಐದೋ ಹತ್ತೋ ವರ್ಷ ಅದೇ ಗಿಂಡಿ.

ಮರುದಿನ, ಶನಿವಾರ ಸಂಜೆಯ ಊಟಕ್ಕೆ ತೊಮೊಯೆ ಸಾನ್ ತಣ್ಣನೆಯ ತೋಫು ಇಟ್ಟಿದ್ದರು. ಕಿಯೊಹರು ಗಿಂಡಿ ಎತ್ತಿ ಸಾಸು ಸುರಿದು ಕೆಳಗಿಟ್ಟರು. ತೊಮೊಯೆ ಸಾನ್ ಅತ್ತೆಯ ಜೊತೆ ಹಲ್ಲಿನ ಡಾಕ್ಟರ ವಿಷಯ ಮಾತಾಡುತ್ತಲೇ ಕೈ ಚಾಚಿ, ಗಿಂಡಿ ಎತ್ತಿ, ಅದರ ತಳವನ್ನೂ ಮೇಜನ್ನೂ ಒರೆಸಿ, ಗಿಂಡಿಯನ್ನು ಮತ್ತೆ ಇಟ್ಟರು. ಆಮೇಲೆ ತಮ್ಮ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು. ಅದರ ಮೇಲೆ ಕಂದು ಬಣ್ಣದ ಅರ್ಧ ಬಳೆ ಮೂಡಿತ್ತು. ಪಕ್ಕದಲ್ಲೇ ಮಧ್ಯಾಹ್ನದ್ದೊಂದು, ಬೆಳಗಿನದ್ದೊಂದು.

"ಈಗ ಸೋರ್ತಲ್ಲ, ನೋಡಿದ್ರಾ?" ಎಂದು ಗಂಡನನ್ನು ಕೇಳಿದರು.

"ಏನು?"

"ಗಿಂಡಿ."

"ಸೋರ್ಲಿಲ್ವಲ್ಲ. ಎಲ್ಲಿ ಸೋರಿದೆ, ತೋರ್ಸು."

ತೋರಿಸಲು ಮೇಜಿನ ಮೇಲೆ ಏನೂ ಇರಲಿಲ್ಲ. ಒರೆಸಿ ಆಗಿತ್ತು.

ಸೋಮವಾರ ಹಲಗೆಯ ಮುಂದೆ ಕೂತು ಇದನ್ನೆಲ್ಲ ನನಗೆ ಹೇಳುವಾಗ ಅವರ ಚಾಕು ಗೆರೆ ಕೆರೆಯುತ್ತಲೇ ಇತ್ತು. ಹಳೆಯ ಗರಗಸದ ಅಲಗನ್ನು ತಾವೇ ಮಸೆದು ಮಾಡಿಕೊಂಡ ಚಾಕು ಅದು. "ನನ್ನ ಮೇಲೇ ಸಿಟ್ಟು ಬಂತು ಹಿಸಾಮಿ. ವಾರ ಪೂರ್ತಿ ಮನೇಲಿ ಉಂಡ ಹೊತ್ತೆಲ್ಲ ಒರೆಸಿದೀನಿ. ಆಮೇಲೆ ಕೂತ್ಕೊಂಡು ಸೋರ್ಲಿಲ್ಲ ಅಂತ ಬರ್ದು ಮುದ್ರೆ ಒತ್ತಿದೀನಿ. ನನ್ನ ಕೈ ಏನ್ ಮಾಡ್ತಿದೆ ಅಂತ ನಂಗೇ ಗೊತ್ತಿಲ್ಲ."

"ಸ್ವಲ್ಪ ಸೋರತ್ತೆ. ಎಲ್ಲ ಗಿಂಡೀನೂ ಸ್ವಲ್ಪ ಸೋರತ್ತೆ" ಎಂದೆ.

"ನೀನು ಏನ್ ಬರ್ದೆ?"

"ಇಲ್ಲ ಅಂತ."

"ಒರೆಸ್ತಿದ್ಯಾ?"

"ಮೇಜು ಅಂದ್ಮೇಲೆ ಒರೆಸ್ತೀವಿ. ಅದು ಗಿಂಡಿಗೋಸ್ಕರ ಅಲ್ಲ." ಹೇಳಿದ ಮೇಲೆ ನನಗೇ ಅದು ಸರಿ ಎನಿಸಲಿಲ್ಲ. "ನಾನು ಸುರಿಯೋದು ಸರಿ ಇಲ್ವೇನೋ ಅಂದ್ಕೊಂಡಿದ್ದೆ" ಎಂದು ಸೇರಿಸಿದೆ.

"ನೋಡು. ಗಿಂಡಿ ಸೋರಿದ್ರೆ ನಿನ್ನ ಕೈ ಸರಿ ಇಲ್ಲ. ಕಪ್ಪಂಗೀನೂ ನಮ್ಮ ಪತ್ರ ನೋಡಿ ತನ್ನ ಗಿಂಡಿ ಸರಿ ಇದೆ ಅಂದ್ಕೊಂಡಿದಾರೆ. ನನ್ನ ಇಲ್ಲ ಅನ್ನೋ ಮಾತು ನಂಬ್ಕೊಂಡು ಇನ್ನೆಷ್ಟು ಸಾವಿರ ಹೆಂಗಸ್ರು ಒರೆಸ್ಕೊಂಡು ಕೂರ್ಬೇಕೋ."

ನಾನು ಕೊಟ್ಟ ಬುದ್ಧಿಮಾತು ಹೇಳಿಕೊಳ್ಳುವಂಥದ್ದಲ್ಲ. ಮುದ್ರೆ ಒತ್ತಿಯಾಗಿದೆ, ಹತ್ತು ಜನ ಒತ್ತಿದ್ದೇವೆ, ಈಗ ನೀವೊಬ್ಬರು ಎದ್ದು ಬೇರೆ ಮಾತು ಹೇಳಿದರೆ ಮಿಕ್ಕ ಒಂಬತ್ತು ಜನ ಸುಳ್ಳು ಹೇಳಿದ ಹಾಗಾಗುತ್ತದೆ, ಅಚ್ಚು ಮಾಡುವ ಒಕುಮುರಾ ಅವರು ಬೇರೆ ಕೆಲಸ ಬಿಟ್ಟು ದಿನ ಗೊತ್ತು ಮಾಡಿದ್ದಾರೆ, ಎಲ್ಲರಿಗೂ ಮುಜುಗರ. ಇಷ್ಟೂ ಹೇಳಿದೆ. ಅವರು ಕೇಳಿಸಿಕೊಂಡು, "ಮುಜುಗರ ಅನ್ನೋದನ್ನೂ ನಾವೇ ಒರೆಸ್ಬೇಕಾ?" ಎಂದರು.

ಆ ದಿನ ಮನೆಗೆ ಹೋಗುವಾಗ ಅಂಗಡಿಯಲ್ಲಿ ಬಿಳಿ ಕಾಗದದ ಒಂದು ಕಟ್ಟು ಕೊಂಡುಕೊಂಡರು. ಮರುದಿನದಿಂದ ಪ್ರತಿ ಊಟಕ್ಕೂ ಗಿಂಡಿಯ ಕೆಳಗೆ ಒಂದು ಹಾಳೆ. ಊಟ ಮುಗಿದ ಮೇಲೆ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡುವುದು: ಮಂಗಳವಾರ ಬೆಳಿಗ್ಗೆ, ಗಂಡ, ಅನ್ನದ ಮೇಲೆ ಹಸಿ ಮೊಟ್ಟೆ. ಮಂಗಳವಾರ ಮಧ್ಯಾಹ್ನ, ಅತ್ತೆ, ಪಾಲಕ್. ತಾವು ಕಾರ್ಖಾನೆಯಲ್ಲಿರುವ ಹೊತ್ತಿನದನ್ನು ನೆನಪಿಟ್ಟು ಸಂಜೆ ಹೇಳುವ ಕೆಲಸವನ್ನು ಅತ್ತೆಗೆ ಒಪ್ಪಿಸಿದರು. ಮತ್ತು ಒರೆಸುವುದನ್ನು ನಿಲ್ಲಿಸಿದರು. ಇದೇ ಕಷ್ಟವಾದದ್ದು. ಮೊದಲ ಎರಡು ದಿನ ಬಟ್ಟೆಯನ್ನು ಸ್ನಾನದ ಮನೆಯಲ್ಲಿ ಬಚ್ಚಿಟ್ಟು ಬರಬೇಕಾಯಿತಂತೆ. ಇಲ್ಲದಿದ್ದರೆ ಕೈ ತಾನಾಗಿಯೇ ಹೋಗುತ್ತಿತ್ತು.

ಕಿಯೊಹರು ಮೊದಲ ದಿನ ಹಾಳೆ ಕಂಡೂ ಕಾಣದ ಹಾಗೆ ಉಂಡರು. ಎರಡನೆಯ ದಿನ, "ಓಯ್, ಇದೇನು, ಮಕ್ಕಳಿಗೆ ಹಾಸೋ ಹಾಗೆ ಹಾಸಿದೀಯ?" ಎಂದರು. ಮೂರನೆಯ ದಿನ ಹಾಳೆಯ ಮೇಲಿದ್ದ ತಮ್ಮ ಹೆಸರನ್ನು ಓದಿದರು.

"ಇದು ನಾನಲ್ಲ."

"ನೀವೇ. ಮೊಟ್ಟೆ ಮೇಲೆ ಸುರಿದ್ರಿ."

"ನಾನು ಸುರಿದ್ರೆ ಯಾವತ್ತೂ ಸೋರಲ್ಲ. ಮೂವತ್ತೆಂಟು ವರ್ಷ ಆಯ್ತು ಈ ಮೇಜಲ್ಲಿ ಉಂಡು. ಒಂದು ಕಲೆ ತೋರ್ಸು ನೋಡೋಣ."

ಒಲೆಯ ಪಕ್ಕದ ಕುರ್ಚಿಯಲ್ಲಿದ್ದ ಚಿಯೊನೊ ಇದನ್ನು ಕೇಳಿ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಮಾತಾಡಿದರು. "ನಿಮ್ಮಪ್ಪನೂ ಇದೇ ಹೇಳ್ತಿದ್ದ. ಸಾಯೋ ತನಕ ಹೇಳ್ದ. ನಮ್ಮನೆ ಗಿಂಡಿ ಸೋರಲ್ಲ, ಅದು ಒಳ್ಳೇ ಗಿಂಡಿ ಅಂತ. ಆ ದರಿದ್ರ ಗಿಂಡಿ ಹಸು ಉಚ್ಚೆ ಹೊಯ್ದ ಹಾಗೆ ಸುರೀತಿತ್ತು."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ಒರೆಸಿ ಆಗಿರ್ತಿತ್ತು." ಆಮೇಲೆ ಸೊಸೆಯ ಕಡೆ ತಿರುಗಿ, "ಆದ್ರೂ ಮೇಜು ಒರೆಸ್ದೆ ಬಿಡೋದು ನೋಡಕ್ಕಾಗಲ್ಲ ಕಣಮ್ಮ" ಎಂದರು.

"ನಿಮಗೆ ಕಣ್ಣೇ ಕಾಣಲ್ವಲ್ಲ ಅಮ್ಮ."

"ಕಾಣಲ್ಲ. ಆದ್ರೂ ಗೊತ್ತಾಗತ್ತೆ."

ಕಿಯೊಹರು ಅಂದಿನಿಂದ ಸೇಡು ತೀರಿಸಿಕೊಳ್ಳುವವರ ಹಾಗೆ ಎಚ್ಚರದಿಂದ ಸುರಿಯತೊಡಗಿದರು. ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಸುರಿದ ಮೇಲೆ ಮೂತಿಯನ್ನು ಎರಡು ಸಲ ಒದರಿ. ಗಿಂಡಿ ಆಗಲೂ ಸೋರಿತು. ಅವರು ಹಾಳೆಯ ಮೇಲೆ ಮೂಡಿದ ಬಳೆಯನ್ನು ತುಂಬ ಹೊತ್ತು ನೋಡಿದರಂತೆ. "ಗಿಂಡಿದೇ ತಪ್ಪು" ಎಂದರಂತೆ. ತೊಮೊಯೆ ಸಾನ್‌ಗೆ ಇದನ್ನು ಹೇಳುವಾಗಲೂ ರೇಗುತ್ತಿತ್ತು. "ಅವ್ರ ಕೈಯಿಂದ ಸೋರಿದ ಮೇಲೆ ಗಿಂಡಿ ತಪ್ಪು ಅಂತ ಅರ್ಧ ನಿಮಿಷಕ್ಕೆ ತಿಳೀತು. ನಂಗೆ ಮೂವತ್ತೆಂಟು ವರ್ಷ ಬೇಕಾಯ್ತು."

ಮುಂದಿನ ಸೋಮವಾರ ತಾಯಿ ಅಚ್ಚಿನ ಮಾತುಕತೆಗೆ ಹಿಬಿನೊ, ಸೊಯೆದಾ, ಅಚ್ಚಿನ ಒಕುಮುರಾ ಮೂವರೂ ಮೇಲಿನ ಕೋಣೆಯಲ್ಲಿ ಸೇರಿದ್ದರು. ಅಂಚಿನ ವಿಭಾಗದಿಂದ ತೊಮೊಯೆ ಸಾನ್, ಅವರ ಜೊತೆಗೆ ನಾನು. ಒಕುಮುರಾ ಎಪ್ಪತ್ತು ದಾಟಿದವರು, ಮಾತಿಗಿಂತ ಗೊಣಗುವುದು ಹೆಚ್ಚು. ಮಾದರಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯಲು ಸಿದ್ಧವಾಗಿ ಕೂತಿದ್ದರು.

ತೊಮೊಯೆ ಸಾನ್ ಮೊದಲು ತಲೆ ಬಾಗಿಸಿದರು. "ನಾನು ಪ್ರಶ್ನೆಪತ್ರದಲ್ಲಿ ತಪ್ಪು ಬರ್ದಿದೀನಿ. ಮುದ್ರೆ ನನ್ನದೇ, ತಪ್ಪೂ ನನ್ನದೇ. ಕ್ಷಮಿಸ್ಬೇಕು" ಎಂದು, ಚೀಲದಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಹದಿನೆಂಟು ಹಾಳೆ. ಮೇಜು ಸಾಲದೆ ಕೊನೆಯ ನಾಲ್ಕನ್ನು ಕುರ್ಚಿಗಳ ಮೇಲೆ ಇಟ್ಟರು. ಪ್ರತಿಯೊಂದರ ಮೇಲೂ ಕಂದು ಬಳೆ, ಕೆಲವು ತೆಳ್ಳಗೆ, ಕೆಲವು ದಪ್ಪ, ಕೆಲವು ಎರಡೆರಡು.

ಹಿಬಿನೊ ಅವರ ಮುಖ ಕೆಂಪಾಯಿತು. ಸಿಟ್ಟಿಗಲ್ಲ, ಹೊರಗಿನವರ ಎದುರು ಹೀಗಾಯಿತಲ್ಲ ಎಂದು. "ತೊಮೊಯೆ ಸಾನ್, ಮಿಕ್ಕ ಒಂಬತ್ತು ಮನೇಲಿ ಸೋರಿಲ್ವಲ್ಲ. ನಿಮ್ಮನೆ ಗಿಂಡಿ ಒಂದು ಹಾಗಿರಬಹುದು."

ತೊಮೊಯೆ ಸಾನ್ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನೋಡಿದ್ದರೆ ನಾನು ತಲೆ ತಗ್ಗಿಸಿಬಿಡುತ್ತಿದ್ದೆನೋ ಏನೋ.

"ನಮ್ಮನೇಲೂ ಸೋರಿದೆ. ನಾನು ಒರೆಸಿ ಇಲ್ಲ ಅಂತ ಬರ್ದೆ" ಎಂದೆ.

ಹಿಬಿನೊ ಅವರು ಇಬ್ಬರನ್ನೂ ನೋಡಿ, "ನೀವು ಒರೆಸ್ದೇ ಬರ್ದಿದ್ರೆ ಈ ಪೇಚಾಟ ಇರ್ತಿರ್ಲಿಲ್ಲ" ಎಂದರು.

"ಒರೆಸ್ದೇ ಇದ್ದಿದ್ರೆ ಮನೆಯೋರು ಅದಕ್ಕೂ ಏನೋ ಒಂದು ಅಂತಿದ್ರು" ಎಂದರು ತೊಮೊಯೆ ಸಾನ್.

ಸೊಯೆದಾ ಅಷ್ಟು ಹೊತ್ತೂ ಹಾಳೆಗಳನ್ನೇ ನೋಡುತ್ತಿದ್ದರು. ಪೆನ್ಸಿಲಿನ ಬರಹವನ್ನೂ ಓದುತ್ತಿದ್ದರು. "ನಾನು ಮುನ್ನೂರು ಸಲ ಸುರಿದು ನೋಡಿದೆ. ಒಂದ್ಸಲನೂ ಸೋರಿದ್ದು ಕಾಣಲಿಲ್ಲ" ಎಂದರು. ವಾದಿಸುವ ದನಿಯಲ್ಲ, ನಿಜವಾಗಿ ಅರ್ಥವಾಗದವರ ದನಿ.

"ಎಲ್ಲಿ ಸುರಿದ್ರಿ?"

"ಸಿಂಕಲ್ಲಿ."

"ಸಿಂಕಲ್ಲಿ ಏನು ಸೋರಿದ್ರೂ ಕಾಣಲ್ಲ. ಸುರಿದು ಎಲ್ಲಿ ಇಡ್ತಿದ್ರಿ?"

"ಇಡ್ತಿರ್ಲಿಲ್ಲ. ಕೈಯಲ್ಲೇ ಹಿಡಿದು ಮತ್ತೆ ಸುರೀತಿದ್ದೆ." ಸೊಯೆದಾ ಮತ್ತೆ ಹಾಳೆಗಳ ಕಡೆ ನೋಡಿ, "ಮತ್ತೆ ನೀರಲ್ಲಿ ಮಾಡಿದ್ದು. ಸೋಯಾದಲ್ಲಿ ಅಲ್ಲ" ಎಂದರು.

ಒಕುಮುರಾ ಮೊದಲ ಸಲ ಬಾಯಿ ಬಿಟ್ಟು, "ಮನೇಲಿ ಉಣ್ಣಲ್ವಾ ನೀವು?" ಎಂದರು.

"ಒಬ್ಬನೇ ಇರೋದು. ಅಂಗಡಿಯಿಂದ ತರ್ತೀನಿ. ಅದರ ಜೊತೆ ಸಾಸಿನ ಸಣ್ಣ ಪೊಟ್ಟಣ ಬರತ್ತೆ."

ತೊಮೊಯೆ ಸಾನ್ ನಿಟ್ಟುಸಿರು ಬಿಟ್ಟರು. ಅವರನ್ನು ಬೈಯಲೂ ಮನಸ್ಸಾಗಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಗಿಂಡಿಯನ್ನು ಕೈಗೆತ್ತಿಕೊಂಡು ಮೂತಿಯ ಕೆಳಗೆ ಉಗುರಿನಿಂದ ತೋರಿಸಿದರು. "ಇಲ್ಲಿ ದುಂಡಗಿದೆ ನೋಡಿ. ಹನಿಗೆ ಎಲ್ಲಿ ನಿಲ್ಬೇಕು ಅಂತ ಗೊತ್ತಾಗಲ್ಲ. ದುಂಡು ಹಿಡ್ಕೊಂಡು ಕೆಳಗೆ ಬರತ್ತೆ, ಹೊಟ್ಟೆ ಮೇಲಿಂದ ತಳಕ್ಕೆ. ಕೆಳಗಡೆ ಚೂಪಾಗಿ ಕತ್ತರಿಸಿದ್ರೆ ಹನಿ ಅಲ್ಲೇ ತುಂಡಾಗತ್ತೆ, ಉಳಿದದ್ದು ಒಳಗೆ ಹೋಗತ್ತೆ."

"ಆ ದುಂಡು ನಾನು ಬೇಕೂಂತ ಇಟ್ಟಿದ್ದು. ಮೃದುವಾಗಿ ಕಾಣ್ಲಿ ಅಂತ" ಎಂದರು ಸೊಯೆದಾ.

"ಯಾರಿಗೆ ಮೃದು?"

ಸೊಯೆದಾ ಚೀಲದಿಂದ ಪೆನ್ಸಿಲು ತೆಗೆದು ಮಾದರಿಯ ಮೂತಿಯ ಕೆಳಗೆ ಒಂದು ಗೆರೆ ಎಳೆದರು. ಎಳೆದು ಒಕುಮುರಾ ಅವರಿಗೆ ಕೊಟ್ಟರು. ಅವರು ಕಣ್ಣ ಹತ್ತಿರ ಹಿಡಿದು ನೋಡಿ, "ಇನ್ನೂ ಒಂದು ಕೂದಲು ಒಳಗೆ" ಎಂದರು. ಹಿಬಿನೊ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದ ದಿನವನ್ನು ಹೊಡೆದುಹಾಕಿ ಹದಿನೈದು ದಿನ ಮುಂದೆ ಬರೆದರು. ಹಾಗೆ ಬರೆಯುವಾಗ ಅವರ ಭುಜ ಎಷ್ಟು ಕುಗ್ಗಿತ್ತೆಂದರೆ, ತಪ್ಪು ಬರೆದವರಲ್ಲಿ ನಾನೂ ಒಬ್ಬಳು ಎನ್ನುವುದು ಮತ್ತೆ ನೆನಪಾಯಿತು.

ಹೊಸ ಮೂತಿಯ ಆರು ಗಿಂಡಿ ಎರಕವಾದವು. ತೊಮೊಯೆ ಸಾನ್ ಅವುಗಳ ಗೆರೆ ಸವರಿದರು. ಮೊದಲ ಸಲ ಸುಟ್ಟು, ಗಾಜಿನ ಲೇಪದಲ್ಲಿ ಅದ್ದಿದ ನಂತರ, ಅವರು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದರು. ಆರರಲ್ಲಿ ಮೂರು ಗಿಂಡಿಯನ್ನು ತೆಗೆದುಕೊಂಡು, ಒದ್ದೆ ಸ್ಪಂಜಿನ ಮೂಲೆಯಿಂದ ಮೂತಿಯ ಆ ಚೂಪು ಅಂಚಿನ ಮೇಲಿನ ಲೇಪವನ್ನು ಮಾತ್ರ ಒರೆಸಿ ತೆಗೆದರು. ಎರಡನೆಯ ಸಲ ಭಟ್ಟಿಗೆ ಹೋದಾಗ ಲೇಪ ಕರಗಿ ಹರಿದು ಅಂಚಿನ ಮೇಲೆ ಕೂರುತ್ತದೆ, ಚೂಪು ಮತ್ತೆ ದುಂಡಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮೂವತ್ತೇಳು ವರ್ಷ ಲೇಪದ ಜೊತೆ ಇದ್ದವರು.

ಪರೀಕ್ಷೆ ಊಟದ ಕೋಣೆಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ನಡೆಯಿತು. ನಿಜವಾದ ಸೋಯಾ ಸಾಸು, ಕೆಳಗೆ ಬಿಳಿ ಹಾಳೆ. ಸುರಿಯುವವರು ಹಿಬಿನೊ ಅವರೇ ಆಗಬೇಕೆಂದು ತೊಮೊಯೆ ಸಾನ್ ಹೇಳಿದರು.

"ನನ್ನ ಕೈ ಅಭ್ಯಾಸ ಇಲ್ಲ" ಎಂದರು ಅವರು.

"ಅದಕ್ಕೇ."

ತಾವು ಮೂರರ ಲೇಪ ಒರೆಸಿದ್ದನ್ನು ತೊಮೊಯೆ ಸಾನ್ ಆಗ ತಿಳಿಸಿ, ಒರೆಸದ ಗಿಂಡಿಯನ್ನು ಮೊದಲು ಕೊಟ್ಟರು. ಐದು ಸಲ ಸುರಿದು ಐದು ಸಲ ಇಟ್ಟರು. ನಾಲ್ಕು ಸಲ ಹಾಳೆ ಬೆಳ್ಳಗೇ ಇತ್ತು, ಐದನೆಯ ಸಲ ಒಂದು ಹನಿ ಇಳಿದು ಬಂತು. ಇನ್ನೆರಡರಲ್ಲೂ ಹಾಗೆಯೇ. ಆಮೇಲೆ ಒರೆಸಿದ ಗಿಂಡಿ. ಹಿಬಿನೊ ಅವರು ಸುರಿದು ನಿಲ್ಲಿಸಿದಾಗ ಮೂತಿಯ ತುದಿಯಲ್ಲಿ ಒಂದು ಹನಿ ಕಪ್ಪಗೆ ಉಬ್ಬಿತು. ಕೋಣೆಯಲ್ಲಿದ್ದ ನಾವೆಲ್ಲ ಅದನ್ನೇ ನೋಡುತ್ತ ನಿಂತೆವು. ಅದು ಒಂದು ಕ್ಷಣ ತೂಗಿ, ಹಿಂದೆ ಸರಿದು, ಒಳಗೆ ಹೋಯಿತು. ಇಪ್ಪತ್ತು ಸಲ ಸುರಿದರು. ಸಾಸು ಮುಗಿದು ಇನ್ನೊಂದು ಬಾಟಲಿ ತರಿಸಿದರು. ಇನ್ನೂ ಇಪ್ಪತ್ತು ಸಲ. ಹಾಳೆ ಕೊಂಡು ತಂದ ಹಾಗೆಯೇ ಇತ್ತು. ಸೊಯೆದಾ ಗಿಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಲೇಪವಿಲ್ಲದ ಅಂಚು ಅವರ ಕಣ್ಣಿಗೂ ಕಾಣಲಿಲ್ಲ, ಉಗುರು ಆಡಿಸಿದಾಗ ಮಾತ್ರ ಸಿಕ್ಕಿತು. ಮೊದಲಿದ್ದ ಗಿಂಡಿಯೇ ಅದು. ಬೆಳ್ಳಗೆ, ಸುಮ್ಮನೆ, ಏನೂ ಹೆಚ್ಚಿಲ್ಲದೆ.

"ಈಗ ಚೆನ್ನಾಗಿದೆ. ಮೊದಲು ಚೆನ್ನಾಗಿ ಕಾಣ್ತಿತ್ತು, ಅಷ್ಟೆ" ಎಂದು ಸೊಯೆದಾ ತಮಗೆ ತಾವೇ ಹೇಳಿಕೊಂಡರು.

ಹಿಬಿನೊ ಅವರು ಕೈ ತೊಳೆದುಕೊಂಡು ಬಂದು, "ಒಂದೊಂದಕ್ಕೂ ಕೈಯಲ್ಲಿ ಒರೆಸ್ಬೇಕಾ? ಎಷ್ಟು ಹೊತ್ತು ಹಿಡಿಯತ್ತೆ?" ಎಂದು ಕೇಳಿದರು.

"ಹನ್ನೆರಡು ಸೆಕೆಂಡು."

"ದಿನಕ್ಕೆ ನಾನೂರು ಗಿಂಡಿ. ಹೆಚ್ಚೂಕಮ್ಮಿ ಒಂದೂಕಾಲು ಗಂಟೆ ಆಯ್ತಲ್ಲ." ಅವರು ಮೇಜಿನ ಮೇಲಿದ್ದ ಮೊದಲ ಮೂರು ಗಿಂಡಿಗಳ ಕಡೆ ನೋಡಿದರು. "ಮೂತಿ ಬದಲಾಯಿಸಿದ್ದಕ್ಕೇ ಎಷ್ಟೋ ವಾಸಿ ಆಗಿದೆ. ಐದು ಸಲಕ್ಕೆ ಒಂದು ಹನಿ ತಾನೆ. ಅಷ್ಟಕ್ಕೆ ಯಾರೂ ಬೇಸರ ಮಾಡ್ಕೊಳಲ್ಲ."

"ಐದಕ್ಕೆ ಒಂದು ಸಲ ಸೋರೋ ಗಿಂಡೀನ ಐದು ಸಲಾನೂ ಒರೆಸ್ಬೇಕು. ಯಾವ ಸಲ ಅಂತ ಅದು ಹೇಳಿ ಸೋರಲ್ಲ" ಎಂದರು ತೊಮೊಯೆ ಸಾನ್.

ಊಟದ ಡಬ್ಬಿ ಬಿಚ್ಚುತ್ತಿದ್ದ ಹೆಂಗಸರು ನಕ್ಕರು. ನಗದೆ ಕೂತಿದ್ದ ಒಬ್ಬಾಕೆ, ಪ್ರಶ್ನೆಪತ್ರದಲ್ಲಿ ಇಲ್ಲ ಎಂದು ಬರೆದವರಲ್ಲೊಬ್ಬರು, ತಲೆಯೆತ್ತದೆಯೇ "ಹೌದು" ಎಂದರು.

"ಹಾಗಾದ್ರೆ ನೀವು ಬೇಗ ಬೇಗ ಒರೆಸ್ಬಿಡಿ. ಮಧ್ಯೆ ಮಧ್ಯೆ, ಬೇರೆ ಕೆಲ್ಸದ ಜೊತೆ" ಎಂದರು ಹಿಬಿನೊ.

ತೊಮೊಯೆ ಸಾನ್ ಇದಕ್ಕೇ ಕಾದಿದ್ದರು ಎಂದು ನನಗನಿಸಿತು. ಅವರ ದನಿ ಏರಲಿಲ್ಲ. "ಮಧ್ಯೆ ಮಧ್ಯೆ ಆಗಲ್ಲ. ಮನೇಲಿ ಮಾಡೋದೆಲ್ಲ ಮಧ್ಯೆ ಮಧ್ಯೇನೇ. ಅದಕ್ಕೇ ಯಾರಿಗೂ ಕಾಣಲ್ಲ. ಇದನ್ನ ಕೆಲಸದ ಪಟ್ಟಿಯಲ್ಲಿ ಬರೀರಿ. ಮೂತಿ ಒರೆಸೋದು ಅಂತ ಒಂದು ಸಾಲು, ಅದಕ್ಕಿಷ್ಟು ಸೆಕೆಂಡು ಅಂತ. ದಿನಕ್ಕೆ ನಾನೂರು ಬರಲ್ಲ, ಮುನ್ನೂರ ನಲವತ್ತು ಬರತ್ತೆ. ಅದನ್ನೂ ಬರೀರಿ."

ಹಿಬಿನೊ ಅವರು ಸೊಯೆದಾ ಕಡೆ ನೋಡಿದರು, ಅವರಾದರೂ ಬೇರೆ ದಾರಿ ಹೇಳಲಿ ಎಂದು. ಸೊಯೆದಾ ಕಪ್ಪಂಗಿಯ ತೋಳಿಗೆ ತಾಗಿದ್ದ ಸಾಸಿನ ಕಲೆಯನ್ನು ಉಜ್ಜುತ್ತ, "ಆ ಒರೆಸೋದು ಇಲ್ದೆ ಇದು ನನ್ನ ಗಿಂಡಿ ಅಲ್ಲ" ಎಂದರು.

ಮಾಲೀಕರು ಗೋಡೆಗೆ ತೂಗುಹಾಕಿದ್ದ ಕೆಲಸದ ಪಟ್ಟಿಯ ಹತ್ತಿರ ಹೋದರು. ಗೆರೆ ಸವರುವುದು ಎಂಬ ಸಾಲಿನ ಕೆಳಗೆ ಜಾಗ ಹುಡುಕಿ, ಮೂತಿ ಒರೆಸುವುದು ಎಂದು ಬರೆದರು. ಮುಂದೆ ಹನ್ನೆರಡು ಎಂದು ಬರೆಯಲು ಕೈ ಇಟ್ಟಾಗ ತೊಮೊಯೆ ಸಾನ್ ತಡೆದರು.

"ಹದಿನೈದು ಬರೀರಿ."

"ಈಗ ತಾನೆ ಹನ್ನೆರಡು ಅಂದ್ರಿ."

"ಹನ್ನೆರಡು ಈಗ. ಜನವರೀಲಿ ಬಕೀಟಿನ ನೀರು ಮಂಜುಗಡ್ಡೆ ಹಾಗಿರತ್ತೆ, ಬೆರಳು ಮಡಿಸಕ್ಕೆ ಬರಲ್ಲ. ಮುನ್ನೂರ ನಲವತ್ತಲ್ಲ, ಮುನ್ನೂರ ಮೂವತ್ತು."

ಹಿಬಿನೊ ಅವರು ಒಂದು ಸಲ ಅವರನ್ನು, ಒಂದು ಸಲ ಪಟ್ಟಿಯನ್ನು ನೋಡಿದರು. ಆಮೇಲೆ ಹದಿನೈದು ಎಂದು ಬರೆದರು. ತೊಮೊಯೆ ಸಾನ್ ಕನ್ನಡಕ ಏರಿಸಿಕೊಂಡು, ಹತ್ತಿರ ಹೋಗಿ, ಆ ಸಾಲನ್ನು ಕೊನೆಯ ತನಕ ಓದಿ, ಬಂದು ತಮ್ಮ ಡಬ್ಬಿ ಬಿಚ್ಚಿದರು. ಬಿಡುವು ಮುಗಿಯಲು ಇನ್ನು ಏಳು ನಿಮಿಷವಿತ್ತು. ಅನ್ನ ತಣ್ಣಗಾಗಿತ್ತು ಎಂದು ಗೊಣಗಿಕೊಂಡೇ ಪೂರ್ತಿ ಉಂಡರು.